ಮರೆ ಹಿಡಿದವರ ಪ್ರಶ್ನೆ

"ಮತ್ತೆ ಪೊದೆಗೆ ಹೊರಟ್ಯೇನೇ? ಹೊಟ್ಟೇಲಿ ಹೊತ್ತಿರೋದು ಮಗುನೋ, ನೀರಿನ ಟ್ಯಾಂಕೋ? ಇನ್ನೊಂದ್ಸಲ ಸಾಲು ಬಿಟ್ರೆ ಅರ್ಧ ದಿನದ ಕೂಲಿ ಕಟ್, ನೋಡ್ಕೋ!"

ಕೂಲಿಗಳ ಮೇಸ್ತ್ರಿ, ಕಂಗಾಣಿ ಸಿನ್ನಪ್ಪನ್, ಕೆಳದಾರಿಯಲ್ಲಿ ನಿಂತು ನನ್ನ ಮಗಳು ತವಮಣಿಯ ಮೇಲೆ ಕೂಗುತ್ತಿದ್ದ. ಅವಳು ತುಂಬು ಬಸುರಿ. ನಮ್ಮ ಟೀ ಗುಡ್ಡದಲ್ಲಿ ಹೆಂಗಸರಿಗೆ ಕಕ್ಕಸಿಲ್ಲ. ಇರುವುದೊಂದೇ, ಕೆಳಗೆ ಆಫೀಸಿನಲ್ಲಿ. ಅದು ತೋಟದ ಮ್ಯಾನೇಜರ್ ದೊರೆಗೆ, ಗುಮಾಸ್ತರಿಗೆ. ನಮಗೆ ಜಿಗಣೆ ತುಂಬಿದ ಪೊದೆ. ಒಬ್ಬಳು ಕೂತರೆ ಉಳಿದವರು ಸೊಂಟಕ್ಕೆ ಸುತ್ತಿದ ಗೋಣಿತಾಟು ಬಿಚ್ಚಿ ಸುತ್ತ ಮರೆ ಹಿಡಿಯುತ್ತೇವೆ. ಅಜ್ಜಿಯರ ಕಾಲದಿಂದ ನಡೆದು ಬಂದದ್ದು.

"ಬೈಯೋದನ್ನ ನಾಳೆಗಿಟ್ಕೋ ಕಂಗಾಣಿ," ಮಾರಿಯಾಯಿ ಅತ್ತೆ ಕೂಗಿದಳು. "ಇವತ್ತು ನಾವು ಸುಖವಾಗಿದೀವಂತೆ. ನೀನೇ ತಾನೆ ಬಾಯಿಪಾಠ ಮಾಡ್ಸಿದ್ದು?"

ನಿಜ. ಜನ ಎಷ್ಟು ನೆಮ್ಮದಿಯಾಗಿದ್ದಾರೆಂದು ಸರ್ಕಾರದವರು ದೇಶವೆಲ್ಲ ಅಳೆಯುತ್ತಿದ್ದರು. ನಮ್ಮನ್ನು ಅಳೆಯಲು ಕೊಲಂಬೊದಿಂದ ನಿಲಂತಿ ಮೇಡಂ ಪ್ರಶ್ನೆಪಟ್ಟಿ ಹಿಡಿದು ಗುಡ್ಡಕ್ಕೇ ಬಂದಿದ್ದರು. ಎಲ್ಲ ಊರಿಗೂ ಅವೇ ಪ್ರಶ್ನೆಗಳು; ಕೊನೆಯದೊಂದನ್ನು ಮಾತ್ರ ಆಯಾ ಊರಿನವರೇ ಸೇರಿಸಬೇಕು. ನಮ್ಮದನ್ನು ದೊರೆ ಆಗಲೇ ಬರೆಸಿಬಿಟ್ಟಿದ್ದ: 'ತೋಟದ ಕ್ರಿಕೆಟ್ ಮೈದಾನದಿಂದ ನಿಮಗೆ ಖುಷಿಯಾಗಿದೆಯೇ?'

ಮೈದಾನದಲ್ಲಿ ಆಡುವವರು ದೊರೆಯ ಗೆಳೆಯರು. ಚೆಂಡು ಹೆಕ್ಕುವವರು ನಮ್ಮ ಗಂಡಸರು.

"ಇದನ್ನ ಹೊಡೆದು ಹಾಕಿ ಮೇಡಂ," ಎಂದೆ. "ಕೆಲಸದ ಹೊತ್ನಲ್ಲಿ ಉಚ್ಚೆ ಬಂದ್ರೆ ಎಲ್ಲಿಗೆ ಹೋಗ್ತೀರಿ ಅಂತ ಕೇಳಿ."

ಮೇಡಂ ಮುಖ ಮುದುಡಿತು. "ಅಂಥದ್ದನ್ನ ಕೊಲಂಬೊಗೆ ಹೆಂಗಮ್ಮ ಕಳಿಸ್ಲಿ? ನಗ್ತಾರೆ."

"ನಗ್ಲಿ ಬಿಡಿ. ಅವ್ರಿಗೂ ಒಂಚೂರು ನೆಮ್ಮದಿ ಬೇಡ್ವಾ?" ಎಂದಳು ಅತ್ತೆ.

ಬೆಳಗಿನಿಂದ ಮೇಡಂ ನಮ್ಮ ಲೈನ್ ಮನೆಗಳನ್ನೆಲ್ಲ ಸುತ್ತಿ ಬಂದಿದ್ದರು. ಬಂದವರು ಚಹಾ ಬೇಡವೆಂದರೆ ನಮ್ಮಲ್ಲಿ ಅವಮಾನ. ಪಾಪ, ಅವರು ಒಂದು ಮನೆಯಲ್ಲೂ ಬೇಡವೆಂದಿರಲಿಲ್ಲ. ಸ್ವಲ್ಪ ಹೊತ್ತಿಗೆ ಕಾಲು ಬದಲಿಸುತ್ತ ನನ್ನ ಕಿವಿಯ ಹತ್ತಿರ ಬಂದರು. "ಅಕ್ಕಾ, ಇಲ್ಲಿ... ಎಲ್ಲಿ?"

ಗೋಣಿತಾಟುಗಳು ಬಿಚ್ಚಿಕೊಂಡವು. ಮೇಡಂ ಒಳಗೆ ಕೂತರು. ನಾವು ಬೆನ್ನು ತಿರುಗಿಸಿ ನಿಂತೆವು.

"ಈಗ ಹೇಳಿ ತಾಯಿ," ಎಂದಳು ಅತ್ತೆ. "ಪ್ರಶ್ನೆ ಸೇರಿಸ್ತೀರೋ, ತಾಟು ಮಡಚೋಣ್ವೋ?"

"ಅಯ್ಯೋ ಬೇಡ! ಜಿಗಣೆ! ಸೇರಿಸ್ತೀನಿ, ಸೇರಿಸ್ತೀನಿ!"

ನಾವು ನಕ್ಕ ನಗೆಗೆ ಗುಡ್ಡದ ಹಕ್ಕಿಗಳೆಲ್ಲ ಹಾರಿದವು. ಅಷ್ಟರಲ್ಲಿ ದೊರೆಯ ಜೀಪು ಬಂದು ನಿಂತಿತು.

"ಏನ್ರೇ ಅದು ಸಂತೆ, ಮುಂಡೇವಾ! ಸೊಪ್ಪು ನಿಮ್ಮಪ್ಪ ಕೀಳ್ತಾನಾ? ಮೇಡಂ ಎಲ್ಲಿ?"

"ನಮ್ಮ ನೆಮ್ಮದಿ ಅಳೀತಾ ಕೂತವ್ರೆ, ದೊರೆ!" ಎಂದಳು ಅತ್ತೆ.

ಮೇಡಂ ಸೀರೆ ಸರಿಮಾಡಿಕೊಳ್ಳುತ್ತ ಹೊರಬಂದರು. ಕ್ರಿಕೆಟ್ಟಿಗೆ ಗೀಟು ಎಳೆದು ನಮ್ಮ ಪ್ರಶ್ನೆ ಬರೆದರು. "ತೋಟದವರೆಲ್ಲ ಉತ್ತರ ಕೊಡಬೇಕು. ನಿಮ್ಮಿಂದಲೇ ಶುರು ಮಾಡೋಣ ಸರ್," ಎಂದು ಗಟ್ಟಿಯಾಗಿ ಓದಿದರು.

ದೊರೆ ಕಂಗಾಣಿಯನ್ನು ನೋಡಿದ. ಕಂಗಾಣಿ ಆಕಾಶ ನೋಡಿದ.

"ಅವ್ರು ಯೋಚ್ನೆ ಮಾಡಿ ಹೇಳೋತನಕ ನನ್ಕೈಲಿ ತಡ್ಯಕ್ಕಾಗಲ್ಲಮ್ಮ," ಎಂದಳು ತವಮಣಿ. ಬುಟ್ಟಿ ಇಳಿಸಿದಳು. ಜೀಪಿನ ಪಕ್ಕದಲ್ಲೇ ಹಾದು ಆಫೀಸಿನ ದಾರಿ ಹಿಡಿದಳು.

"ಅರ್ಧ ದಿನ ಹೋಯ್ತು!" ಕಂಗಾಣಿ ಚೀರಿದ.

"ಪೂರ್ತಿ ದಿನಾನೇ ಬರ್ಕೋ, ನಮ್ಮೆಲ್ಲರ್ದೂ," ಎಂದು ಅತ್ತೆಯೂ ಬುಟ್ಟಿ ಇಳಿಸಿದಳು. ನಾವೆಲ್ಲ ಇಳಿಸಿದೆವು.

ಆಫೀಸಿನಲ್ಲಿ ಗುಮಾಸ್ತ ಕಕ್ಕಸಿನ ಬಾಗಿಲಿಗೆ ಅಡ್ಡ ನಿಂತ. ತವಮಣಿ ಹೊಟ್ಟೆಯನ್ನೇ ಮುಂದಿಟ್ಟುಕೊಂಡು ನಡೆದಳು.

"ದಾರಿ ಬಿಡಣ್ಣ. ನಿಂಗೂ ಅರ್ಜೆಂಟಾಗಿದ್ರೆ ಹಿಂದ್ಗಡೆ ಸಾಲಲ್ಲಿ ನಿಂತ್ಕೋ."

ಒಳಗಿನಿಂದ ಚಿಲಕ ಬಿತ್ತು. ಹೊರಗೆ ನಮ್ಮ ಸಾಲು ದೊರೆಯ ಹೂದೋಟ ದಾಟಿ, ಗುಡ್ಡದ ತಿರುವಿನತನಕ ಬೆಳೆದಿತ್ತು.