ಮೂರು ಬಟ್ಟಲು ಚಹಾ

ರಾಯದುರ್ಗದ ಜಂಬಯ್ಯನ ನಾಲಿಗೆಯ ಮೇಲೆ ಒಂದು ತೊಟ್ಟು ಚಹಾ ಬಿದ್ದರೆ ಸಾಕಿತ್ತು. ಅದು ಯಾವ ಗುಡ್ಡದ ಎಲೆ, ಗುಡ್ಡದ ಯಾವ ಮಗ್ಗುಲಿನದು, ಆ ಎಲೆ ಕಿತ್ತ ಹೆಂಗಸು ಅವತ್ತು ಗಂಡನ ಜೊತೆ ಜಗಳವಾಡಿ ಬಂದಿದ್ದಳೋ ಇಲ್ಲವೋ, ಎಲ್ಲವನ್ನೂ ಹೇಳಿಬಿಡುತ್ತಿದ್ದ. ಒಮ್ಮೆ ಮದರಾಸಿನ ಸಮುದ್ರದಲ್ಲಿ ಚಹಾದ ಹಡಗೊಂದು ಮುಳುಗಿದಾಗ, ಇಲ್ಲಿ ರಾಯದುರ್ಗದ ಅಂಗಡಿಯಲ್ಲಿ ಉಪ್ಪು ನೆಕ್ಕಿ ನೋಡಿ, "ಇದರಾಗ ಡಾರ್ಜಿಲಿಂಗ್ ಬೆರ್ತೈತಿ" ಎಂದವನು ಅವನೇ.

ಕಣ್ಣಾರೆ ಕಂಡವರು ಯಾರು ಎಂದು ಮಾತ್ರ ಕೇಳಬಾರದು. ಜಂಬಯ್ಯನೇ ಕಂಡಿದ್ದ, ಜಂಬಯ್ಯನೇ ಊರಿಗೆಲ್ಲ ಹೇಳಿದ್ದ.

ಚಹಾ ಎಂದರೆ ಜ್ವರದ ಕಷಾಯವಿರಬೇಕೆಂದು ಆ ಸೀಮೆಯ ಜನ ಅನುಮಾನಿಸುತ್ತಿದ್ದ ಕಾಲ ಅದು. ಕಂಪನಿಯೊಂದು ಹಿತ್ತಾಳೆ ಹಂಡೆಯ ಗಾಡಿ ಕಳಿಸಿ, ಸಂತೆಸಂತೆಗಳಲ್ಲಿ ಬಿಟ್ಟಿ ಚಹಾ ಕುಡಿಸಿ ಜನಕ್ಕೆ ರುಚಿ ಹತ್ತಿಸುತ್ತಿತ್ತು. ಗಾಡಿಯ ಯಜಮಾನ ಚಂದ್ರಶೇಖರಯ್ಯ ಅಸ್ಸಾಮು, ಡಾರ್ಜಿಲಿಂಗು, ನೀಲಗಿರಿ ಎಂದು ಮೂರು ಡಬ್ಬಿ ಎತ್ತಿ ತೋರಿಸಿ, ಸೊರ್‍ರೆಂದು ಒಂದು ಗುಟುಕು ಹೀರಿ ಭಾಷಣ ಮಾಡುತ್ತಿದ್ದ. ಆದರೇನು, ಜಂಬಯ್ಯನ ಕೈ ದಾಟದೆ ಅಲ್ಲಿ ಒಂದು ಬಟ್ಟಲೂ ಮುಂದಕ್ಕೆ ಹೋಗುತ್ತಿರಲಿಲ್ಲ. ಅಂಥ ಹುದ್ದೆ ಅವನದು.

ಆ ಹುದ್ದೆಯ ಹಮ್ಮಿನಲ್ಲೇ ಒಂದು ದಿನ ಹೆಂಡತಿ ಪಾಪಕ್ಕನಿಗೆ ಹೇಳಿದ: ಕಂಪನಿಯ ದೊರೆ ತನ್ನ ನಾಲಿಗೆಯನ್ನು ಮೆಚ್ಚಿ ಊಟಿಗೆ ಕರೆದಿದ್ದಾನೆ, ಗಾಜಿನ ಕಿಟಕಿಯ ಮನೆ ಕೊಡುತ್ತಾನೆ. ಪಾಪಕ್ಕ ಮಡಕಶಿರದ ಕಡೆಯವಳು; ಹೇಳಿದ್ದನ್ನು ನಂಬುವವಳು. ಕೋಳಿಗಳನ್ನು ಹಂಚಿದಳು. ತವರಿನಿಂದ ತಂದಿದ್ದ ಬೀಸೋಕಲ್ಲನ್ನು ಪಕ್ಕದ ಮನೆಯ ಮೈಲಾರಮ್ಮನಿಗೆ ಕೊಟ್ಟಳು. ಓಣಿಯ ಹೆಂಗಸರೆಲ್ಲ ಕಣ್ಣೀರಿಟ್ಟು ಕುಂಕುಮ ಕೊಟ್ಟು ಕಳಿಸಿದರು. ಟ್ರಂಕಿನ ಮೇಲೆ ಕೂತು ರಾಯದುರ್ಗದ ಸ್ಟೇಷನ್ನಿನಲ್ಲಿ ಕಾದಳು. ಗಾಡಿ ಬಂತು, ಹೋಯಿತು.

"ಇವತ್ತು ಜಾಗ ಇಲ್ಲಂತ. ನಾಳಿ ಹೋಗಾನ" ಎಂದ ಜಂಬಯ್ಯ.

ಪಾಪಕ್ಕ ಅವನ ಮುಖ ನೋಡಲಿಲ್ಲ; ಹಳಿಗಳನ್ನೇ ನೋಡುತ್ತಿದ್ದಳು. ಮರಳಿ ಓಣಿಗೆ ಕಾಲಿಡುವ ಧೈರ್ಯ ಅವಳಿಗೆ ಬರಲಿಲ್ಲ. ಟ್ರಂಕು ಹೊತ್ತು ನೇರ ತವರಿಗೆ ಹೋದಳು.

ಆಮೇಲಿನ ದಿನಗಳನ್ನು ಹೇಗೆ ಹೇಳುವುದು! ಜಂಬಯ್ಯ ಅತ್ತ ಕಣ್ಣೀರಿಗೆ ರಾಯದುರ್ಗದ ಕೆರೆ ಕೋಡಿ ಬಿದ್ದಿತ್ತು ಎಂದರೆ ನೀವು ನಂಬುವುದಿಲ್ಲ. ಅನ್ನ ಸೇರದೆ ಕೊರಗಿದ ಎಂದರೆ ನಂಬಬಹುದು. ಅಷ್ಟರಲ್ಲಿ ಮಾವ ಕದರಪ್ಪ ಕುರಿ ವ್ಯಾಪಾರಿಯೊಬ್ಬನ ಬಾಯಲ್ಲಿ ಮಾತು ಕಳಿಸಿದ. ಅಗಳಿ ಊರಿನ, ಹೆಂಡತಿ ಸತ್ತವನೊಬ್ಬ ಪಾಪಕ್ಕನನ್ನು ಕೂಡಾವಳಿಗೆ, ಅಂದರೆ ಮರುಮದುವೆಗೆ, ಕೇಳುತ್ತಿದ್ದಾನೆ. ಯುಗಾದಿಯೊಳಗೆ ಅಳಿಯ ಬಂದು, ತಾನು ಕೊಚ್ಚಿಕೊಂಡಿದ್ದರಲ್ಲಿ ಒಂದನ್ನಾದರೂ ನಿಜವೆಂದು ತೋರಿಸಿದರೆ ಸರಿ. ಇಲ್ಲದಿದ್ದರೆ ಮಗಳು ಇನ್ನೊಂದು ಮನೆಗೆ.

ಜಂಬಯ್ಯ ತನ್ನ ಮಾತುಗಳನ್ನೆಲ್ಲ ಒಂದೊಂದಾಗಿ ನೆನೆದುಕೊಂಡ. ಹುಲಿಯ ಕಿವಿ ಹಿಂಡಿದ್ದು ಆಗದು. ಕಲೆಕ್ಟರಿಗೆ ಈಜು ಕಲಿಸಿದ್ದೂ ಆಗದು. ಉಳಿದದ್ದು ನಾಲಿಗೆಯೊಂದೇ.

ಚಂದ್ರಶೇಖರಯ್ಯನ ಕಾಲಿಗೆ ಬಿದ್ದು ಮೂರು ಬಗೆಯ ಪುಡಿಯನ್ನೂ ಪೊಟ್ಟಣ ಕಟ್ಟಿಸಿಕೊಂಡು ಬಂದ. "ಕುದಿಸಬ್ಯಾಡ ಮಾರಾಯಾ, ಬಿಸಿನೀರು ಹೊಯ್ದು ಸೋಸು, ಆಗಷ್ಟ ರುಚಿ ತಿಳಿಯೋದು" ಎಂದು ಆತ ಹೇಳಿದ್ದು ಗಾಳಿಗೆ ಹೋಯಿತು. ಮನೆಯಲ್ಲಿ ಅವ್ವ ಉಜ್ಜಿನಮ್ಮನಿಗೆ ಚಹಾ ಎಂದರೆ ಬೆಲ್ಲ ಹಾಕಿ, ಕುರಿಹಾಲು ಹಾಕಿ, ಬಣ್ಣ ಕಪ್ಪಿಡುವ ತನಕ ಕುದಿಸುವುದು. ಅವಳದು ಓರಣದ ಕೈ. ಎಲ್ಲರ ಮನೆಯಂತೆ ಅವಳ ಮನೆಯಲ್ಲೂ ಮೂರು ಕೊಡ: ಕುಡಿಯಲು ಬೆಟ್ಟದ ಬುಡದ ಸಿಹಿಬಾವಿ ನೀರು, ಬೇಳೆ ಬೇಯಿಸಲು ಹಳ್ಳದ ನೀರು, ಮುಸುರೆಗೆ ಓಣಿಬಾವಿಯ ಸವಳು ನೀರು. ಪೊಟ್ಟಣಗಳು ಕಲೆಸಿಹೋಗಬಾರದೆಂದು ಒಂದೊಂದು ಕೊಡದ ಮುಚ್ಚಳದ ಮೇಲೆ ಒಂದೊಂದನ್ನು ಇಟ್ಟಳು. ಯಾವ ಕೊಡದ ಮೇಲಿನ ಪುಡಿಯೋ, ಅದೇ ಕೊಡದ ನೀರು.

"ಅಷ್ಟೂ ಚಾಕ್ಕ ಸಿಹಿನೀರು ಸುರುದ್ರ ಬೆಟ್ಟದ ಬುಡಕ್ಕ ಹೋಗಿ ಬರೋದು ಯಾರು, ನಿನ್ನ ದೊರೆ ಬರ್ತಾನೇನು? ಬೆಲ್ಲ ಬಿದ್ರ ಸವಳು ತಿಳಿಯಂಗಿಲ್ಲ, ಕುಡಿ" ಎಂದಳು ಅವ್ವ.

ಜಂಬಯ್ಯ ಆ ಮಾತಿಗೆ ಕಿವಿಗೊಡದೆ ಕುಡಿದ. ಮೆಣಸಿನಕಾಯಿ ಬಿಟ್ಟ, ಎಲೆಯಡಿಕೆ ಬಿಟ್ಟ. ಕಣ್ಣು ಮುಚ್ಚಿ ದೇವರ ತೀರ್ಥದಂತೆ ಗುಟುಕು ಗುಟುಕಾಗಿ ಕುಡಿದ. ಪವಾಡವೇ ಆಯಿತು ನೋಡಿ. ಅಸ್ಸಾಮು ನಾಲಿಗೆಯ ಮೇಲೆ ಮೆತ್ತಗೆ ಸಿಹಿಯಾಗಿ ಕೂರುತ್ತಿತ್ತು. ಡಾರ್ಜಿಲಿಂಗು ಅಂಚಿನಲ್ಲಿ ಉಪ್ಪುಪ್ಪಾಗಿ ಕಚ್ಚುತ್ತಿತ್ತು. ನೀಲಗಿರಿಯಲ್ಲಿ ಮರಳಿನ ವಾಸನೆ. ಅವ್ವ ಯಾವುದನ್ನು ಮುಂದಿಟ್ಟರೂ ಹೆಸರು ತಪ್ಪುತ್ತಿರಲಿಲ್ಲ. ಹುಟ್ಟಿದಂದಿನಿಂದ ಆಡಿದ ಮಾತುಗಳಲ್ಲಿ ಒಂದು ನಿಜವಾಗಿಬಿಟ್ಟಿತ್ತು! ಅವ್ವನ ಕಾಲು ಹಿಡಿದು ಅತ್ತುಬಿಟ್ಟ. "ಚಾ ಕುಡುದು ಅಳಾದು ಯಾವ ರೋಗಪ್ಪಾ ಇದು" ಎಂದಳು ಉಜ್ಜಿನಮ್ಮ.

ಬಸ್ಸು, ಎತ್ತಿನಗಾಡಿ, ಕಾಲ್ನಡಿಗೆ ಎಲ್ಲ ಮುಗಿಸಿ ಮಡಕಶಿರದ ಮಾವನ ಮನೆ ತಲುಪಿದಾಗ ಅಂಗಳದಲ್ಲಿ ಸಾವಿರ ಜನ ಸೇರಿದ್ದರು. ಸರಿ, ನೂರು. ಹೋಗಲಿ, ಕಡಲೆಕಾಯಿ ಬಿಡಿಸುತ್ತಿದ್ದ ಹೆಂಗಸರು, ಪಕ್ಕದ ಮನೆಯ ಸೂರಪ್ಪ, ಒಂದು ನಾಯಿ.

"ಬಂದ್ರಾ ಅಳಿಯಂದ್ರೆ? ಊಟಿಯಾಗೆ ಚಳಿ ಹೆಂಗೈತೆ?" ಎಂದ ಸೂರಪ್ಪ. ಹೆಂಗಸರು ಸೆರಗು ಬಾಯಿಗಿಟ್ಟುಕೊಂಡರು.

ಜಂಬಯ್ಯ ಪೊಟ್ಟಣಗಳನ್ನು ಮಾವನ ಕೈಗಿಟ್ಟ. "ಯಾವ ಬಟ್ಟಲಾಗ ಯಾವ ಗುಡ್ಡ ಐತಿ ಅಂತ ಹೇಳ್ತೀನ್ರಿ ಮಾವಾರ. ಒಂದು ತಪ್ಪಿದ್ರೂ ಬಂದ ದಾರೀಲೆ ತಿರುಗಿ ಹೋಗ್ತೀನಿ."

ಪೊಟ್ಟಣಗಳು ಒಳಗೆ ಹೋದವು. ಒಲೆಯ ಮುಂದೆ ಪಾಪಕ್ಕನ ಬಳೆ ಸದ್ದಾಯಿತು. ಎಷ್ಟು ದಿನವಾಗಿತ್ತು ಆ ಸದ್ದು ಕೇಳಿ! ಬೆಲ್ಲದ, ಕುರಿಹಾಲಿನ ಘಮ ಬಂತು. ಅವಳು ಮೂರು ಬಟ್ಟಲು ತಂದಿಟ್ಟು, ಬಾಗಿಲ ಕಂಬಕ್ಕೆ ಒರಗಿ ನಿಂತಳು.

ಜಂಬಯ್ಯ ಮೊದಲನೆಯದನ್ನು ಸೊರ್‍ರೆಂದು ಹೀರಿದ. ಮೆತ್ತಗೆ ಸಿಹಿ. ಅಸ್ಸಾಮು! ಎರಡನೆಯದು: ಅದೂ ಅಸ್ಸಾಮು. ಮೂರನೆಯದು: ಅಸ್ಸಾಮೇ. ಮತ್ತೆ ಮೊದಲಿನಿಂದ ಕುಡಿದ. ಉಪ್ಪಿಲ್ಲ, ಮರಳಿಲ್ಲ; ಮೂರೂ ಒಂದೇ.

"ಒಂಚೂರು ನೀರು ಕೊಡ್ರಿ, ಬಾಯಿ ಮುಕ್ಕಳಿಸ್ತೀನಿ."

ಕೊಟ್ಟ ಚೊಂಬಿನ ನೀರು ನಾಲಿಗೆಗೆ ತಾಗಿದ್ದೇ ತಡ, ಬೆಟ್ಟದ ಬುಡದ ಸಿಹಿಬಾವಿ ನೆನಪಾಯಿತು. ಹಿಂದೆಯೇ ಅವ್ವನ ಮೂರು ಕೊಡಗಳು ಕಣ್ಣಿಗೆ ಕಟ್ಟಿದವು. ಅಯ್ಯೋ! ತಾನು ಇಷ್ಟು ದಿನ ಕಲಿತದ್ದು ಚಹಾ ಅಲ್ಲ, ನೀರು. ಎದ್ದು ಓಡಬೇಕೆನ್ನಿಸಿತು. ಆದರೆ ಓಡಿದರೆ ಅಗಳಿಯವನು. ಸುಮ್ಮನೆ ಕೂತರೂ ಅಗಳಿಯವನು.

"ಏನಳಿಯಂದ್ರೆ, ಗುಡ್ಡ ಹತ್ತಕ್ಕಾಗ್ತಿಲ್ವಾ?" ಎಂದ ಸೂರಪ್ಪ.

ಜಂಬಯ್ಯ ಮೀಸೆ ಒರೆಸಿಕೊಂಡು ಬೆರಳು ಚಾಚಿದ. "ಇದು ಅಸ್ಸಾಮು, ಕಿತ್ತಾಗ ಮಳಿ ಹನೀತಿತ್ತು. ಇದು ಡಾರ್ಜಿಲಿಂಗು, ಹಿಮದ ಗಾಳಿ ಬಡ್ದೈತಿ. ಇದು ನಮ್ಮ ನೀಲಗಿರಿ."

ಪಾಪಕ್ಕ ಒಳಗೆ ಹೋಗಿ ಬಂದು ಅಪ್ಪನ ಮುಂದೆ ಎರಡು ಪೊಟ್ಟಣ ಇಟ್ಟಳು. ಎರಡರ ದಾರವೂ ಬಿಚ್ಚಿರಲಿಲ್ಲ.

"ಮೂರಕ್ಕೂ ಒಂದೇ ಪೊಟ್ಲದ್ದು ಹಾಕಿವ್ನಿ ಕಣಪ್ಪ. ಏನೂ ಯತ್ವಾಸ ಇಲ್ದಿದ್ರೆ ಇಲ್ಲ ಅಂತಾರಾ, ನೋಡಾನ ಅಂತ."

ಹೆಂಗಸರ ಕೈಯಲ್ಲಿ ಕಡಲೆಕಾಯಿ ನಿಂತಿತು. ಜಂಬಯ್ಯನ ತಲೆಯಲ್ಲಿ ಸಿಡಿಲು. ನಾಲಿಗೆ ನಿಜವನ್ನೇ ಹೇಳಿತ್ತು. ಸುಳ್ಳು ಹೇಳಿದ್ದು ಬಾಯಿ.

ಕದರಪ್ಪ ಕೆಟ್ಟವನಲ್ಲ. ಮಗಳು ಒಂಟಿಯಾಗಿ ರಾಗಿ ಬೀಸುವುದನ್ನು ನೋಡಿ ನೋಡಿ ಸೋತಿದ್ದ. "ನಿಂಗೆ ಗೊತ್ತಾಗಿತ್ತೇನಪ್ಪ? ಗೊತ್ತಿದ್ದೂ ತಮಾಸೆಗೆ ಅಂದಾ? ಹಂಗಿದ್ರೆ ಅಂಗೇ ಹೇಳ್ಬಿಡು."

ತಪ್ಪಿಸಿಕೊಳ್ಳುವ ಬಾಗಿಲು ತೆರೆದಿತ್ತು. 'ಮೊದಲನೇ ಗುಟುಕಿಗೇ ತಿಳೀತ್ರಿ ಮಾವಾರ' ಎಂದರೆ ಮುಗಿಯಿತು. ಅರ್ಧ ನಿಜವೂ ಹೌದು. ಮಾತು ಸಿಂಗಾರ ಮಾಡಿಕೊಂಡು ತುಟಿಯ ತನಕ ಬಂದು ನಿಂತಿತು. ಜಂಬಯ್ಯ ಪಾಪಕ್ಕನ ಕಡೆ ನೋಡಿದ. ಟ್ರಂಕಿನ ಮೇಲೆ ಕೂತು ಗಾಡಿಗೆ ಕಾದಾಗ ಇದ್ದ ಮುಖವೇ ಅದು. ಇನ್ನೊಮ್ಮೆ ನಂಬಲು ಸಿದ್ಧವಾಗಿತ್ತು. ಅದನ್ನು ಕಂಡೇ ಅವನಿಗೆ ಭಯವಾಯಿತು.

"ಇಲ್ರಿ ಮಾವಾರ" ಎಂದ. "ಮೂರೂ ಒಂದ ಅನ್ನಿಸ್ತು, ಖರೇ. ಆದ್ರ ಮೂರು ಪೊಟ್ಟಣ ಹಾಕಿದ್ರೂ ನಂಗ ಒಂದ ಅನ್ನಿಸ್ತಿತ್ತು. ನಮ್ಮವ್ವನ ಮೂರು ಕೊಡದ ನೀರಿನ ರುಚಿ ನೋಡಿ ಅದನ್ನ ಚಾ ಅನ್ಕೊಂಡಿದ್ದೆ. ಈಗ ನೀರು ಕುಡುದಾಗ ತಿಳೀತು. ತಿಳಿದ ಮ್ಯಾಲೂ ಸುಳ್ಳು ಹೇಳ್ದೆ. ಊಟಿಗೆ ಯಾರೂ ಕರೀಲಿಲ್ಲ. ಕಂಪನಿ ದೊರೀನ ನಾ ಕಂಡೇ ಇಲ್ಲ. ಚಾ ಗಾಡ್ಯಾಗ ನನ್ನ ಕೆಲಸ ಎಂಜಲ ಬಟ್ಟಲು ತೊಳ್ಯಾದು."

ಸೂರಪ್ಪ ಕೂಡ ನಗಲಿಲ್ಲ. ಕದರಪ್ಪ ನೆಲ ನೋಡಿದ.

ಪಾಪಕ್ಕ ಕಂಬ ಬಿಟ್ಟು ಒಂದು ಹೆಜ್ಜೆ ಮುಂದೆ ಬಂದಳು. ಇಷ್ಟು ಹೊತ್ತು ಅಪ್ಪನ ಜೊತೆ ಮಾತಾಡಿದವಳು ಈಗ ನೇರ ಅವನನ್ನೇ ಕೇಳಿದಳು:

"ನನ್ನ ಬೀಸೋಕಲ್ಲು ವಾಪಸ್ ಇಸ್ಕಂಡ್ರಾ?"

ಮೈಲಾರಮ್ಮ ವಾಲಗ ಊದಿಸಿಕೊಂಡು, ಕಲ್ಲಿಗೆ ಹೂವಿನ ಸರ ಹಾಕಿ, ತಲೆಯ ಮೇಲೆ ಹೊತ್ತು ತಂದುಕೊಟ್ಟ ಕತೆಯೊಂದು ಜಂಬಯ್ಯನ ಗಂಟಲಲ್ಲಿ ಎದ್ದಿತು. ಅದನ್ನು ನುಂಗಿಕೊಂಡ.

"ಇಲ್ಲ" ಎಂದ. "ಕೇಳಾಕ ಮುಖ ಇರ್ಲಿಲ್ಲ."