ಹನ್ನೆರಡನೆಯ ಜಿಲ್ಲೆಯ ಸಹಿ

ಕೈಸರನಿಗೆ ಒಂದು ಜಿಲ್ಲೆಯ ಸಹಿ ಇರಲಿಲ್ಲ.

ಸಂಸತ್ತಿನ ಮೇಲ್ಮನೆಯಾದ ಸೆನೆಟ್ಟಿಗೆ ಜನ ಮತ ಹಾಕುವುದಿಲ್ಲ. ಪ್ರಾಂತ್ಯದ ಜಿಲ್ಲಾ ಮಂಡಳಿಗಳ ಸದಸ್ಯರು ಹಾಕುತ್ತಾರೆ. ಅಭ್ಯರ್ಥಿಯಾಗಿ ನಿಲ್ಲುವುದಕ್ಕೂ ಪ್ರತಿ ಮಂಡಳಿಯಿಂದ ಒಬ್ಬನಾದರೂ ಬೆಂಬಲದ ಸಹಿ ಕೊಡಬೇಕು. ಹನ್ನೊಂದು ಜಿಲ್ಲೆಗಳಲ್ಲಿ ಕೈಸರ್ ಹೇಗೋ ಇಪ್ಪತ್ತಾರು ಸಹಿ ಗಿಟ್ಟಿಸಿದ್ದ. ಹನ್ನೆರಡನೆಯದರಲ್ಲಿ ಸದಸ್ಯರೆಲ್ಲ ಜಿಲ್ಲೆಯ ದೊಡ್ಡ ಅಧಿಕಾರಿ ಆಕಿಮನ ಮುಖ ನೋಡಿಕೊಂಡು ಬಾಗಿಲು ಹಾಕಿಕೊಂಡರು. ಆಕಿಮನ ಅಭ್ಯರ್ಥಿ ಬೇರೆಯವನು. ಉಳಿದವನು ಕೊನೆಯ ಹಳ್ಳಿಯ ಬೈಸೆಯಿತ್ ಒಬ್ಬನೇ. ನಿವೃತ್ತ ಪಶುವೈದ್ಯ, ಎಪ್ಪತ್ತು ದಾಟಿದವನು. "ಬಾ, ಹಾಕ್ತೀನಿ" ಎಂದು ಫೋನಿನಲ್ಲಿ ಹೇಳಿದ್ದ. ಗಡುವು ಮರುದಿನ ಸಂಜೆಗೆ ಮುಗಿಯುತ್ತಿತ್ತು.

ಮಧ್ಯಾಹ್ನ ಕೈಸರನ ಕಾರು ಬೈಸೆಯಿತನ ಮನೆ ತಲುಪುವ ಹೊತ್ತಿಗೆ ಅತಿಥಿಗೆಂದು ಕುರಿ ಕೊಯ್ದಾಗಿತ್ತು. ಕೈ ತೊಳೆಯಲು ಹೋದ ಡ್ರೈವರ್ ತಾಲ್ಗಾತ್ ಅಡುಗೆಮನೆಯಿಂದ ಸುದ್ದಿ ಹೊತ್ತು ತಂದು ಕೈಸರನ ಪಕ್ಕ ಕೂತ.

"ಅಣ್ಣ, ಬೆಳಿಗ್ಗೆ ಆಕಿಮನ ಕಡೆಯೋರು ಎರಡು ಸಲ ಫೋನ್ ಮಾಡಿದ್ರಂತೆ. 'ಮಾತು ಕೊಟ್ಟಾಗಿದೆ, ಹೋಗ್ರೋ' ಅಂದನಂತೆ ಮುದುಕ. ಸೊಸೆ ಹೇಳಿದ್ಲು."

ಕೈಸರನ ಹೊಟ್ಟೆಗೆ ಹಾಲು ಹೊಯ್ದಂತಾಯಿತು. ಸಹಿಯ ಹಾಳೆ ಜಮಖಾನದ ಮೇಲೆ, ಬೈಸೆಯಿತನ ಮೊಣಕಾಲಿನ ಹತ್ತಿರವೇ ಇತ್ತು.

ಬೇಯಿಸಿದ ಕುರಿಯ ತಲೆ ತಟ್ಟೆಯಲ್ಲಿ ಬಂತು. ಬೈಸೆಯಿತ್ ಅದನ್ನು ಅತಿಥಿಯ ಕಡೆಗೆ ತಿರುಗಿಸುವ ಮೊದಲು ಕೇಳಿದ: "ಅಪ್ಪ ಇರೋರು ತಲೆಗೆ ಚಾಕು ಹಾಕಬಾರ್ದು. ನಿಮ್ಮಪ್ಪ?"

"ತೀರ್ಕೊಂಡ್ರು, ಆತಾ" ಎಂದ ಕೈಸರ್. ಆತಾ ಎಂದರೆ ಅಜ್ಜ.

ಆ ಮಾತು ಸಲೀಸಾಗಿ ಬಂತು. ಕೈಸರನಿಗೆ ಒಂಬತ್ತು ವರ್ಷವಿದ್ದಾಗ ಅವನ ಅಪ್ಪ ರೈಲ್ವೆ ಕ್ಯಾಂಟೀನಿನ ಹೆಂಗಸೊಬ್ಬಳ ಹಿಂದೆ ಗಡಿಯಾಚೆಯ ಓಮ್ಸ್ಕ್‌ಗೆ ಹೋದವನು ತಿರುಗಿ ಬರಲಿಲ್ಲ. ದೊಡ್ಡವನಾದ ಮೇಲೆ ಮೊದಲ ಸಲ ಯಾರದೋ ಔತಣದಲ್ಲಿ ತಲೆ ತನ್ನ ಮುಂದೆ ಬಂದಾಗ ಕ್ಯಾಂಟೀನಿನ ಕಥೆ ಹೇಳಬೇಕಿತ್ತು, ಇಲ್ಲವೇ ಅಪ್ಪನನ್ನು ಸಾಯಿಸಬೇಕಿತ್ತು. ಎರಡನೆಯದು ಸುಲಭವಾಗಿ ಕಂಡಿತು. ಆಮೇಲೆ ಎಷ್ಟೋ ಕುರಿಗಳು ಬಂದುಹೋದವು.

ಅವನು ಕೆನ್ನೆಯ ಮಾಂಸ ಕೊಯ್ದು ಮನೆಯ ಯಜಮಾನನಿಗೆ ಕೊಟ್ಟ. ಯಜಮಾನನ ಹೆಂಡತಿ ಬಾತಿಮಾ ಚಹಾ ಬಗ್ಗಿಸುತ್ತ ಮಾತಿಗೆ ಎಳೆದಳು.

"ಯಾರ ಮಗನಪ್ಪ ನೀನು?"

"ಒರಾಜ್‌ಬೆಕ್ ಅಂತ, ಆಪಾ. ಟ್ರ್ಯಾಕ್ಟರ್ ಮೆಕ್ಯಾನಿಕ್ ಆಗಿದ್ರು."

"ಎಡಗೈಲಿ ಎರಡು ಬೆರಳಿಲ್ಲದೋನಾ? ನಿಮ್ಮೂರೋನೇ ಇರ್ಬೇಕು. ಅವನು ನನ್ ತಂಗಿ ಪಕ್ಕದ ಮನೇಲೇ ಇದಾನಲ್ಲೋ, ಓಮ್ಸ್ಕ್‌ನಲ್ಲಿ! ಹೋದ ವಾರ ಅವಳ ಒಲೆ ರಿಪೇರಿ ಮಾಡ್ತಿದ್ದ, ಬೈಗುಳ ನಂಗೆ ಫೋನಲ್ಲೇ ಕೇಳಿಸ್ತು." ಮುದುಕಿಯ ಮುಖ ಅರಳಿತು. "ಯಾರೋ ನಿಂಗೆ ಸುಳ್ಳು ಹೇಳಿದಾರೆ ಮಗಾ. ನಿಮ್ಮಪ್ಪ ಬದುಕಿದಾನೆ! ಸುಯಿನ್ಶಿ ಕೊಡು, ಸುಯಿನ್ಶಿ!"

ಒಳ್ಳೆಯ ಸುದ್ದಿ ತಂದವರಿಗೆ ಕೊಡುವ ಉಡುಗೊರೆಗಾಗಿ ಅವಳು ಅಂಗೈ ಚಾಚಿದಳು.

ತಾಲ್ಗಾತನ ಬಾಯಲ್ಲಿ ಮಾಂಸ ಹಾಗೇ ನಿಂತಿತು. ಕೈಸರ್ ಕೈಗಡಿಯಾರ ಬಿಚ್ಚಿ ಆ ಅಂಗೈಯಲ್ಲಿಟ್ಟು, ಮುದುಕಿಯನ್ನು ತಬ್ಬಿಕೊಂಡು ಅತ್ತಿದ್ದರೆ ಸಾಕಿತ್ತು. ಅವನಿಗೆ ಅದು ಹೊಳೆಯಿತು ಕೂಡ. ಕೈ ಗಡಿಯಾರದ ಪಟ್ಟಿಯವರೆಗೆ ಹೋಯಿತು. ಮುಖ ಮಾತ್ರ ಜೊತೆಗೆ ಬರಲಿಲ್ಲ.

"ನಿಂಗೆ ಗೊತ್ತಿತ್ತು" ಎಂದ ಬೈಸೆಯಿತ್.

"ಗೊತ್ತಿತ್ತು, ಆತಾ. ಬಿಟ್ಟು ಹೋದ. ನಮ್ಮ ಪಾಲಿಗೆ ಸತ್ತ ಹಾಗೇ."

"ಸತ್ತ ಹಾಗೆ ಅನ್ನೋದು ಬೇರೆ, ಸತ್ತ ಅನ್ನೋದು ಬೇರೆ. 'ಬಿಟ್ಟು ಹೋದ ಬೇವರ್ಸಿ' ಅಂದಿದ್ರೆ ತಲೆ ನಾನು ತಿಂತಿದ್ದೆ, ಸಹಿ ನಿಂಗೆ ಹಾಕ್ತಿದ್ದೆ."

"ಅದಕ್ಕೂ ಸಹಿಗೂ ಏನ್ ಸಂಬಂಧ, ಆತಾ?" ತಾಲ್ಗಾತ್ ಬಾಯಿ ಹಾಕಿದ.

"ನೀನು ಸ್ಟೀರಿಂಗ್ ನೋಡ್ಕೊ, ಸಾಕು." ಮುದುಕ ಕೈಸರನ ಕಡೆ ತಿರುಗಿದ. "ಈ ಊರಿಗೆ ನೀರಿಲ್ಲ, ಬಸ್ಸಿಲ್ಲ. ಹೇಳ್ಕೊಳ್ಳೋಕೆ ನಾಚಿಕೆ ಆಗೋ ಊರು. ನಾಳೆ ಅಸ್ತಾನಾದ ಸೆನೆಟ್ಟಲ್ಲಿ ಯಾರಾದ್ರೂ ಕೇಳಿದ್ರೆ 'ಆ ಊರಾ? ಅಲ್ಲಿ ಯಾರೂ ಉಳಿದಿಲ್ಲ' ಅಂತೀಯ. ಅಪ್ಪನ್ನೇ ಸತ್ತ ಅಂದೋನಿಗೆ ಊರು ಯಾವ ಲೆಕ್ಕ?"

"ಈಗ ನಾನೇನು ತಪ್ಪು ಮಾತಾಡ್ದೆ?" ಎಂದಳು ಬಾತಿಮಾ. ಅವಳ ಕೈ ಇನ್ನೂ ಚಾಚಿಯೇ ಇತ್ತು.

"ನೀನು ಚಹಾ ಬಗ್ಗಿಸು."

ಊಟದ ನಡುವೆ ಅತಿಥಿಯನ್ನು ಯಾರೂ ಎಬ್ಬಿಸುವುದಿಲ್ಲ. ಮಾಂಸ ಮುಗಿಯಿತು, ಸಾರು ಮುಗಿಯಿತು. ಬೈಸೆಯಿತ್ ಅಂಗೈ ಬಿಡಿಸಿ ಹರಸಿದ. ಹಾದಿ ಚೆನ್ನಾಗಿರಲಿ, ಮನೆ ತುಂಬಿರಲಿ ಎಂದ, ಸೆನೆಟ್ಟಿನ ಮಾತೆತ್ತಲಿಲ್ಲ. ಖಾಲಿ ಹಾಳೆಯನ್ನು ತಾನೇ ಮಡಚಿ ಕೈಸರನ ಕೈಗೆ ಕೊಟ್ಟ. ಉಳಿದ ಮಾಂಸವನ್ನು ಬಾತಿಮಾ ಕಟ್ಟಿಕೊಟ್ಟಳು.

ಕಾರಿನಲ್ಲಿ ತಾಲ್ಗಾತ್ ತಡೆಯಲಾರದೆ ಹೇಳಿದ: "ಅತ್ತುಬಿಟ್ಟಿದ್ರೆ ಆಗ್ತಿತ್ತಲ್ಲ, ಅಣ್ಣ. ಯಾರ್‍ಯಾರದೋ ಸಾವಿಗೆ ಅತ್ತಿದೀರಿ."

"ಬರ್ಲಿಲ್ಲ ಕಣೋ."

ದಾರಿಯಲ್ಲಿ ಇನ್ನಿಬ್ಬರು ಸದಸ್ಯರ ಬಾಗಿಲು ಮತ್ತೊಮ್ಮೆ ತಟ್ಟಿದರು. ಒಬ್ಬ ಊರಲ್ಲಿರಲಿಲ್ಲ. ಇನ್ನೊಬ್ಬ ಕಿಟಕಿಯಿಂದಲೇ ತಲೆಯಾಡಿಸಿದ.

ಮರುದಿನ ಸಂಜೆ ಗಡುವು ಮುಗಿಯಿತು. ಒಂದು ಜಿಲ್ಲೆ ಇಲ್ಲದಿದ್ದರೆ ಉಳಿದವೂ ಲೆಕ್ಕಕ್ಕಿಲ್ಲ. ಕೈಸರ್ ಕಳೆದುಕೊಂಡದ್ದು ಹನ್ನೊಂದು ಜಿಲ್ಲೆ, ಇಪ್ಪತ್ತಾರು ಸಹಿ. ಬೈಸೆಯಿತ್ ಕಳೆದುಕೊಂಡದ್ದು ಒಂದು ಕುರಿ.