ಎಲ್ಲರೂ ಕೂತ ಮೇಲೆ

"ಬಾರೋ ಇಲ್ಲಿ, ಗುಂಡಿ ನಾನೇ ಹಾಕ್ತೀನಿ. ನಾಟಕಕ್ಕೆ ಇನ್ನು ಹತ್ತು ನಿಮಿಷಾನೂ ಇಲ್ಲ!"

"ಬೇಡ ಅಕ್ಕ. ನಾನೇ."

ಎರಡನೆಯ ಗುಂಡಿ ಮೂರನೆಯ ಕಾಜಕ್ಕೆ ಹೋಗಿತ್ತು. ಎಲ್ಲವನ್ನೂ ಬಿಚ್ಚಿ ತಮ್ಮ ಮತ್ತೆ ಮೊದಲಿನಿಂದ ಶುರು ಮಾಡಿದ. ಮೂವತ್ತೊಂದು ವರ್ಷದ ಆಳು. ಬುದ್ಧಿ ಮಾತ್ರ ಅವಸರ ಎಂದರೇನೆಂದು ತಿಳಿಯದೆ ಮಗುವಿನದಾಗೇ ಉಳಿದಿತ್ತು. ಯಾವುದಕ್ಕೂ ಆತುರಪಡದವನೆಂದು ಅಮ್ಮ ಅವನನ್ನು ದೊರೆ ಎಂದು ಕರೆಯುತ್ತಿದ್ದಳು. ಅಮ್ಮನೇನೋ ಹೆಸರಿಟ್ಟು ಕಣ್ಣು ಮುಚ್ಚಿದಳು, ದೊರೆಯ ಸೇವೆ ಅಕ್ಕನ ಪಾಲಿಗೆ ಬಂತು.

ಅಕ್ಕ ಕನ್ನಡಿಯ ಮುಂದಿನ ಬೆಂಚಿನ ಮೇಲೆ ಕುಸಿದು ಕೂತಳು. ಬೆಳಗ್ಗೆ ಆರರಿಂದ ಎರಡರವರೆಗೆ ಲಾಂಡ್ರಿಯಲ್ಲಿ ನಿಂತು ಆಸ್ಪತ್ರೆಯ ಹಾಸುಬಟ್ಟೆಗಳಿಗೆ ಇಸ್ತ್ರಿ ಹಾಕಿ ಬಂದಿದ್ದಳು. ಮೊಣಕಾಲು ಕಿತ್ತು ಬರುವಷ್ಟು ನೋಯುತ್ತಿತ್ತು. ಚೀಲದಲ್ಲಿ ದೊರೆಯಂಥವರನ್ನು ಇಟ್ಟುಕೊಂಡು ನೋಡಿಕೊಳ್ಳುವ ವಸತಿನಿಲಯದ ಕಾಗದವಿತ್ತು, ಸಹಿಯೂ ಆಗಿತ್ತು. ನಾಳೆ ಬೆಳಗ್ಗೆ ಒಂಬತ್ತಕ್ಕೆ ಅವರ ವ್ಯಾನು ಬಂದು ದೊರೆಯನ್ನು ಕರೆದುಕೊಂಡು ಹೋಗುತ್ತದೆ. ಎರಡು ವರ್ಷ ಕಾದ ಮೇಲೆ ಸಿಕ್ಕಿದ ಜಾಗ. ಅವನಿಗಿನ್ನೂ ಹೇಳಿರಲಿಲ್ಲ. ನಾಟಕ ಮುಗಿಯಲಿ, ಆಮೇಲೆ ಹೇಳೋಣ ಎಂದು ವಾರದಿಂದ ಮುಂದೂಡುತ್ತ ಬಂದಿದ್ದಳು. ತಪ್ಪು ಮಾಡುತ್ತಿದ್ದೇನೇನೋ ಅನ್ನಿಸುತ್ತಿತ್ತು. ಆದರೆ ತಪ್ಪೋ ಸರಿಯೋ ಎಂದು ಯೋಚಿಸುವುದಕ್ಕೂ ಮೈಯಲ್ಲಿ ತ್ರಾಣ ಬೇಕಲ್ಲ!

ಅವಳೇನು ನಟಿಯಲ್ಲ. ತಂಡದಲ್ಲಿದ್ದ ಎಂಟು ಜನರಲ್ಲಿ ನಾಲ್ವರು ದೊರೆಯಂಥವರು, ಉಳಿದವರು ಅಂಚೆಯವ, ನರ್ಸು, ಹೀಗೆ ಕೆಲಸ ಮುಗಿಸಿ ಬರುವವರು. ನಾಟಕದಲ್ಲಿ ಅಕ್ಕನ ಪಾತ್ರ ಮಾಡುತ್ತಿದ್ದವಳಿಗೆ ಬೇರೆ ಊರಿಗೆ ವರ್ಗವಾದಾಗ ನಾಟಕ ಆಡಿಸುವ ಟೀಚರು ಇವಳನ್ನೇ ಹಿಡಿದರು. "ದಿನಾ ತಮ್ಮನ್ನ ಕರ್ಕೊಂಡು ಬಂದು ಬಾಗಿಲಲ್ಲಿ ತೂಕಡಿಸ್ತೀಯಲ್ಲಮ್ಮ, ಅದನ್ನೇ ಒಳಗೆ ಬಂದು ಮಾಡು."

ಆ ಟೀಚರದೊಂದು ಕಟ್ಟಪ್ಪಣೆಯಿತ್ತು. ಯಾರಾದರೂ ಮಾತು ಮರೆತರೆ ಪಕ್ಕದವರು ಹೇಳಿಕೊಡಬಾರದು. ಮರೆತವರು ನಿಂತೇ ನೆನಪು ಮಾಡಿಕೊಳ್ಳಬೇಕು, ಉಳಿದವರೆಲ್ಲ ಇದ್ದಲ್ಲೇ ನೆಲದ ಮೇಲೆ ಕೂರಬೇಕು. ಮಾತು ಬಂದ ಮೇಲೆ ಎಲ್ಲರೂ ಏಳುವುದು. ತಾಲೀಮಿನಲ್ಲಿ ದೊರೆಗಾಗಿ ಒಮ್ಮೆ ಹನ್ನೊಂದು ನಿಮಿಷ ಕೂತಿದ್ದರು. ಅಕ್ಕ ಹಲ್ಲು ಕಚ್ಚಿಕೊಂಡು ಗಡಿಯಾರ ನೋಡುತ್ತಿದ್ದಳು. ಇದೆಂಥಾ ಗ್ರಹಚಾರವಪ್ಪಾ, ಒಂದು ಮಾತು ಎತ್ತಿಕೊಟ್ಟರೆ ಗಂಟೇನು ಹೋಗುತ್ತದೆ ಎಂದು ಒಳಗೊಳಗೇ ಬೈದುಕೊಂಡಿದ್ದಳು.

ನಾಲ್ಕು ಗಂಟೆಗೆ ಶುರುವಾದ ನಾಟಕ ಎಲ್ಲೂ ನಿಲ್ಲದೆ ಕೊನೆಯ ದೃಶ್ಯಕ್ಕೆ ಬಂತು. ಬಸ್ ನಿಲ್ದಾಣ. ಅಕ್ಕ ತಮ್ಮನನ್ನು ಬೆಂಚಿನ ಮೇಲೆ ಕೂರಿಸಿ, ಬಟ್ಟೆಯ ಗಂಟು ಕೈಗೆ ಕೊಟ್ಟು ಹೊರಡಬೇಕು. "ಇಲ್ಲೇ ಇರು, ನಾಳೆ ಬೆಳಗ್ಗೆ ಬರ್ತೀನಿ" ಎಂಬುದು ಅವಳ ಮಾತು. ಅದು ಬಂದ ಕೂಡಲೇ ದೀಪ ಆರುತ್ತದೆ, ನಾಟಕ ಮುಗಿಯುತ್ತದೆ.

"ಅಕ್ಕ, ನೀನು ಯಾವಾಗ ಬರ್ತೀಯ?" ದೊರೆ ಒಂಚೂರೂ ತಡವರಿಸದೆ ಕೇಳಿದ.

ಅಕ್ಕ ಬಾಯಿ ತೆರೆದಳು. ಮಾತು ನಾಲಿಗೆಯ ತುದಿಯಲ್ಲೇ ಇತ್ತು. ಆದರೆ ಹೊರಗೆ ಬರಲಿಲ್ಲ. ನಾಳೆ ಬೆಳಗ್ಗೆ ಎಂದು ಆ ಮುಖಕ್ಕೆ ಹೇಗೆ ಹೇಳುವುದು? ತಾಲೀಮಿನಲ್ಲಿ ನೂರು ಸಲ ಹೇಳಿದ್ದ ಮಾತು, ಇವತ್ತು ಹೇಳಿದರೆ ಸುಳ್ಳಾಗುತ್ತಿತ್ತು.

ದೊರೆ ಅವಳನ್ನೇ ನೋಡಿದ. ಅಕ್ಕನಿಗೆ ಮರೆತುಹೋಗಿದೆ ಎಂದುಕೊಂಡ. ಗಂಟನ್ನು ಪಕ್ಕಕ್ಕಿಟ್ಟು ಬೆಂಚಿನಿಂದ ಇಳಿದು ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತ. ಕಂಡಕ್ಟರಾಗಿದ್ದ ಅಂಚೆಯವ ಕೂತ. ನರ್ಸು "ಉಸ್ಸಪ್ಪಾ" ಎಂದು ಕೂತಳು. ಪ್ರೇಕ್ಷಕರಲ್ಲಿ ಯಾರೋ ನಕ್ಕರು.

ಅಕ್ಕ ಒಬ್ಬಳೇ ನಿಂತಿದ್ದಳು. ನಿಜಕ್ಕೂ ಮರೆತುಹೋಗಿದ್ದರೆ ಎಷ್ಟು ಚೆನ್ನಾಗಿತ್ತು!

"ಅರ್ಜೆಂಟಿಲ್ಲ ಅಕ್ಕ," ದೊರೆ ಕೊನೆಯ ಸಾಲಿಗೂ ಕೇಳುವಂತೆ ಹೇಳಿದ. "ಎಲ್ರೂ ಕೂತಿದೀವಿ."

ಈ ಮಾತನ್ನು ಎಷ್ಟೋ ವರ್ಷಗಳಿಂದ ಅವಳಿಗೆ ಯಾರೂ ಹೇಳಿರಲಿಲ್ಲ. ಅವಳೂ ಅವನಿಗೆ ಹೇಳಿರಲಿಲ್ಲ. ಬೇಗ ಏಳು, ಬೇಗ ತಿನ್ನು, ಬೇಗ ನಡಿ, ಬೇಗ ಮಲಗು, ಇಷ್ಟೇ ಹೇಳಿದ್ದು. ಅವಳೂ ಅವನ ಪಕ್ಕದಲ್ಲಿ ಕೂತುಬಿಟ್ಟಳು.

"ನೀನು ಕೂರೋ ಹಾಗಿಲ್ಲ," ದೊರೆ ಗದರಿದ. "ಮರೆತವರು ನಿಂತ್ಕೋಬೇಕು."

"ಮರೆತಿಲ್ಲ ಕಣೋ."

"ಹಾಗಾದ್ರೆ ಹೇಳು."

ಅಕ್ಕ ಅವನ ಅಂಗಿಯನ್ನು ನೋಡಿದಳು. ಐದೂ ಗುಂಡಿಗಳು ತಮ್ಮ ತಮ್ಮ ಕಾಜದಲ್ಲೇ ಇದ್ದವು. ಹಿಂದಿನ ಗೋಡೆಯ ಬಳಿ ದೀಪದವನು ಸ್ವಿಚ್ಚಿನ ಮೇಲೆ ಬೆರಳಿಟ್ಟುಕೊಂಡು ಅವಳ ಮಾತಿಗಾಗಿ ಕಾಯುತ್ತಿದ್ದ. ದೀಪ ಉರಿಯುತ್ತಲೇ ಇತ್ತು.